ಬಿಸಿನೀರಿಗೂ ಬೆಲೆಯೆ?

ದೊಡ್ಡ ನಗರಗಳ ಕೆಲವು ಖಾಸಗಿ ಹೆರಿಗೆ ಕೇಂದ್ರಗಳಲ್ಲಿ ಈಗ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಹೆರಿಗೆ ಮಾಡಿಸುತ್ತಾರೆ. ತರಬೇತಾದ ಸೂಲಗಿತ್ತಿ ಪಕ್ಕ ಬಿಟ್ಟು ಕದಲುವುದಿಲ್ಲ. ಆರೋಗ್ಯವಂತ ಗರ್ಭಿಣಿ ಬೇನೆಯ ಹೊತ್ತಿನಲ್ಲಿ ನೀರಿನಲ್ಲಿ ಕೂತರೆ, ಬೆನ್ನಿಗೆ ಕೊಡುವ ನೋವಿನ ಚುಚ್ಚುಮದ್ದಿನ ಅಗತ್ಯ ಕಡಿಮೆಯಾಗುತ್ತದೆಂದು ವೈದ್ಯರ ಪರೀಕ್ಷೆಗಳೇ ಹೇಳಿವೆ. ಒಳ್ಳೆಯದೇ. ಆದರೆ ಈ ಸುಖ ಹಣವುಳ್ಳವರಿಗೆ ಮಾತ್ರವೇಕೆ? ಗಿರಣಿಯಲ್ಲಿ ದುಡಿಯುವ ಹೆಣ್ಣಿಗೆ, ಕಿರಾಣಿ ಅಂಗಡಿಯವನ ಮನೆಯಾಕೆಗೆ ನೋವಿಲ್ಲವೆ?

ನಮ್ಮವರಿಗೆ ಸಿಕ್ಕುವುದೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14 ಹೆರಿಗೆ ಸಿಜೇರಿಯನ್, ಖಾಸಗಿಯಲ್ಲಿ 47. ಬಾಗಿಲು ಬದಲಾದೊಡನೆ ಹೆಣ್ಣಿನ ಮೈ ಬದಲಾಗುತ್ತದೆಯೆ? ಜೀವ ಉಳಿಸುವ ಕತ್ತರಿಗೆ ನಮ್ಮ ನಮಸ್ಕಾರ. ಬಿಲ್ಲು ಬೆಳೆಸುವ ಕತ್ತರಿಗೆ ಧಿಕ್ಕಾರ! ಸಾಲ ತೀರಿಸುವವರು ನಾವು.

ಪಾವಗಡದ ಸೂಲಗಿತ್ತಿ ನರಸಮ್ಮನವರು ಕಾಸು ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ ತಿಂಗಳು ಕೇಂದ್ರ ಸರಕಾರ, ದಾದಿಯರಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ಕೊಡುವ ಮಾರ್ಗಸೂಚಿ ಹೊರಡಿಸಿತು. ಪದಕ ಕೊಟ್ಟರೆ ಸಾಲದು. ಆ ವಿದ್ಯೆಗೆ ಆಸ್ಪತ್ರೆಯಲ್ಲಿ ಜಾಗ ಕೊಡಬೇಕು.

ನಾವು ಕೇಳುವುದಿಷ್ಟು: ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ತರಬೇತಾದ ಸೂಲಗಿತ್ತಿಯರ ಹೆರಿಗೆ ಕೇಂದ್ರ, ಕೂಗಿದರೆ ಓಡಿ ಬರುವಷ್ಟು ಹತ್ತಿರದಲ್ಲಿ ವೈದ್ಯರು, ಬಾಗಿಲಲ್ಲಿ ಆಂಬುಲೆನ್ಸು, ಬೇನೆಯ ಹೆಣ್ಣಿಗೆ ಬಿಸಿನೀರು. ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ನಿಮ್ಮೂರಿನ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಒಟ್ಟಾಗಿ ನಿಂತು ಇದನ್ನು ಕೇಳಿ. ಇದು ದಾನವಲ್ಲ, ಹಕ್ಕು.