ಎತ್ತಿನ ಹಲ್ಲು ನೋಡುವವರು ಗಾಡಿಯ ಹಲ್ಲನ್ನೂ ನೋಡಿ



ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಬಾಯಿ ತೆರೆಸಿ ಹಲ್ಲು ನೋಡುತ್ತೇವೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ಎಣಿಸುತ್ತೇವೆ. ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ, ನೊಗಕ್ಕೆ ಕಟ್ಟಿ ನೋಡುತ್ತೇವೆ. ಆಮೇಲೆ ವ್ಯಾಪಾರ.

ಲಕ್ಷಗಟ್ಟಲೆ ಸಾಲ ಮಾಡಿ ಪಿಕಪ್ ಗಾಡಿ ತರುವಾಗ ಏನು ನೋಡುತ್ತೇವೆ? ಮುಂಗಡ ಎಷ್ಟು, ಕಂತು ಎಷ್ಟು, ಬಣ್ಣ ಯಾವುದು. ಶೋರೂಮಿನವನು ಹೂವಿನ ಹಾರ ಹಾಕಿಸಿ ಫೋಟೋ ತೆಗೆಸುತ್ತಾನೆ. ನಾವು ನಿಂಬೆಹಣ್ಣು ತುಳಿಸಿಕೊಂಡು ಊರಿಗೆ ಬರ್ತೀವಿ. ಆ ಗಾಡಿಗೂ ಹಲ್ಲು ಇದೆ, ಆ ಹಲ್ಲಿನ ಲೆಕ್ಕದ ಮೇಲೆ ಮುಂದಿನ ಹತ್ತು ವರ್ಷದ ಡೀಸೆಲ್ ಖರ್ಚು ನಿಂತಿದೆ ಎಂದು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಗಾಡಿಯ ಹಿಂದಿನ ಹೌಸಿಂಗ್ ಒಳಗೆ ಹಲ್ಲಿರುವ ಮುಖ್ಯ ಚಕ್ರಗಳು ಎರಡು. ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್. ಎಂಜಿನ್ನಿನ ಶಕ್ತಿ ಗೇರ್ ಬಾಕ್ಸ್ ದಾಟಿ ಬಂದು ಪಿನಿಯನ್ ತಿರುಗಿಸುತ್ತದೆ. ಪಿನಿಯನ್ ಕ್ರೌನನ್ನು ತಿರುಗಿಸುತ್ತದೆ, ಕ್ರೌನ್ ಹಿಂದಿನ ಚಕ್ರಗಳನ್ನು. ಕ್ರೌನಿನಲ್ಲಿ 41 ಹಲ್ಲು, ಪಿನಿಯನ್ನಿನಲ್ಲಿ 10 ಹಲ್ಲು ಇದ್ದರೆ 41ನ್ನು 10ರಿಂದ ಭಾಗಿಸಿ. 4.1 ಬಂತು. ಪಿನಿಯನ್ 4.1 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಕ್ರೌನಿಗೆ 49 ಹಲ್ಲಾದರೆ 4.9. ಇದೇ ಆಕ್ಸಲ್ ರೇಷಿಯೋ. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಈಗ ಇದರಿಂದ ಏನಾಗುತ್ತೆ ನೋಡಿ. ಚಕ್ರ ಒಂದು ಸುತ್ತಿಗೆ 2 ಮೀಟರ್ ಉರುಳುತ್ತದೆ ಎಂದು ಹಿಡಿಯಿರಿ. ಒಂದು ಕಿಲೋಮೀಟರಿಗೆ 500 ಸುತ್ತು. ಗೇರ್ ಬಾಕ್ಸ್ ನೇರ ಒಂದಕ್ಕೆ ಒಂದು ಇರುವ ಗೇರಿನಲ್ಲಿ 4.1ರ ಗಾಡಿಯ ಎಂಜಿನ್ 2,050 ಸುತ್ತು ಸುತ್ತುತ್ತದೆ. 4.9ರ ಗಾಡಿಯದು 2,450 ಸುತ್ತು. ಅದೇ ರಸ್ತೆ, ಅದೇ ಮೂಟೆ, ಆದರೂ ಪ್ರತಿ ಕಿಲೋಮೀಟರಿಗೆ 400 ಸುತ್ತು ಹೆಚ್ಚು. ಸುತ್ತಿದಷ್ಟೂ ಎಂಜಿನ್ ತನ್ನ ಸವಕಳಿಗೇ ಒಂದಿಷ್ಟು ಡೀಸೆಲ್ ಕುಡಿಯುತ್ತದೆ. ಸುತ್ತು ಆರರಲ್ಲಿ ಒಂದು ಪಾಲು ಕಡಿಮೆಯಾದರೆ ಡೀಸೆಲ್ಲೂ ಅಷ್ಟೇ ಉಳಿಯುತ್ತದೆ ಎಂದಲ್ಲ. ಗಾಳಿ ಸೀಳುವ ಕೆಲಸ, ಭಾರ ಎಳೆಯುವ ಕೆಲಸ ಎರಡಕ್ಕೂ ಒಂದೇ. ಉಳಿಯುವುದು ಸ್ವಲ್ಪ, ಆದರೆ ದಿನಾ ಉಳಿಯುತ್ತದೆ.

ಆ ಸ್ವಲ್ಪ ಎಷ್ಟು? ವರ್ಷಕ್ಕೆ 15,000 ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 14ರ ಬದಲು 15 ಕೊಟ್ಟರೆ 71 ಲೀಟರ್ ಉಳಿತಾಯ. ಲೀಟರಿಗೆ 91 ರೂಪಾಯಿ ಹಿಡಿದರೆ ಸುಮಾರು 6,500 ರೂಪಾಯಿ. 2025ಕ್ಕೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100. ಅರ್ಧ ಕ್ವಿಂಟಾಲಿಗೂ ಮೇಲಿನ ಕೊಬ್ಬರಿ ಹೊಗೆಯಾಗಿ ಹೋಯಿತು, ಸ್ವಾಮಿ! ಆ ಕಾಯಿ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ್ದು ಇದಕ್ಕಾ?

ಹಾಗಾದರೆ ಎಲ್ಲರೂ ಕಡಿಮೆ ಸಂಖ್ಯೆಯ ಗಾಡಿಯನ್ನೇ ತರಬೇಕೆ? ಕೂಡದು. ಸಂಖ್ಯೆ ಕಡಿಮೆಯಾದರೆ ಎಳೆಯುವ ಬಲವೂ ಕಡಿಮೆ. ತೋಟದ ಮರಳು ದಾರಿಯಲ್ಲಿ ಗೊಬ್ಬರ ತುಂಬಿ ಹೊರಡುವವರು, ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಏರುಗಳಲ್ಲಿ ದಿನಾ ಭಾರ ಹೊರಿಸುವವರು ಅಂಥ ಗಾಡಿ ತಂದರೆ ಟಾಪ್ ಗೇರ್ ಹಾಕುವ ಭಾಗ್ಯವೇ ಇರದು. ಮೂರನೇ ಗೇರಿನಲ್ಲಿ ನರಳುತ್ತಾ ಹೋಗಿ ಡೀಸೆಲ್ಲೂ ಹೋಯಿತು, ಕ್ಲಚ್ ಪ್ಲೇಟೂ ಸುಟ್ಟಿತು. ಇಂಥವರಿಗೆ ಹೆಚ್ಚಿನ ಸಂಖ್ಯೆಯೇ ಸರಿ. ಆದರೆ ತುರುವೇಕೆರೆಯಿಂದ ಕಿಬ್ಬನಹಳ್ಳಿ ಕ್ರಾಸಿಗೆ ಬಂದು, ಹೆದ್ದಾರಿ ಹಿಡಿದು ತಿಪಟೂರಿಗೋ ತುಮಕೂರಿಗೋ ಹೋಗಿ, ಬರುವಾಗ ಖಾಲಿ ಬರುವವರಿಗೆ ಆ ಹೆಚ್ಚಿನ ಸಂಖ್ಯೆ ಯಾತಕ್ಕೆ? ತೆಂಗಿನ ಸಿಪ್ಪೆ ಎತ್ತರಕ್ಕೆ ತುಂಬಿದ ಗಾಡಿ ಕಣ್ಣಿಗೆ ದೊಡ್ಡದು, ತೂಕಕ್ಕೆ ಹಗುರ. ಕೊಬ್ಬರಿ ಮೂಟೆ ಹಾಗಲ್ಲ. ನಿಮ್ಮ ಗಾಡಿ ವರ್ಷದಲ್ಲಿ ಎಷ್ಟು ದಿನ ತುಂಬಿ ಓಡುತ್ತೆ, ಎಷ್ಟು ದಿನ ಖಾಲಿ ಓಡುತ್ತೆ ಎಂದು ನಿಮಗಲ್ಲದೆ ಶೋರೂಮಿನವನಿಗೆ ಗೊತ್ತೇ?

ಇನ್ನೊಂದು ಮೋಸಕ್ಕೆ ಬೀಳಬೇಡಿ. ಆಕ್ಸಲ್ಲಿನ ಸಂಖ್ಯೆ ಒಂದನ್ನೇ ನೋಡಿದರೆ ಸಾಲದು. ಟಾಪ್ ಗೇರಿನ ಸಂಖ್ಯೆಯಿಂದ ಅದನ್ನು ಗುಣಿಸಬೇಕು. ಆಕ್ಸಲ್ 5.1 ಇದ್ದು ಟಾಪ್ ಗೇರ್ 0.8 ಇದ್ದರೆ ಕೊನೆಗೆ ಬರುವುದು 4.08. ಅಂಥ ಗಾಡಿ ಕೆಳ ಗೇರಿನಲ್ಲಿ ಎಳೆಯುತ್ತೆ, ಹೆದ್ದಾರಿಯಲ್ಲಿ ನಿಧಾನ ಸುತ್ತುತ್ತೆ. ಟೈರು ದೊಡ್ಡದು ಹಾಕಿಸಿ, ಮೈಲೇಜ್ ಬರುತ್ತೆ ಎನ್ನುವವರೂ ಇದ್ದಾರೆ. ಟೈರು ದೊಡ್ಡದಾದರೆ ಎಳೆತ ತಗ್ಗುತ್ತದೆ, ಮೀಟರೂ ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಲೆಕ್ಕವೇ ಕೆಟ್ಟ ಮೇಲೆ ಲಾಭ ತಿಳಿಯುವುದು ಹೇಗೆ?

ಅಮೆರಿಕದಲ್ಲಿ ಫೋರ್ಡ್ ಎಫ್-150 ಪಿಕಪ್ಪನ್ನು 3.31, 3.55, 3.73 ಹೀಗೆ ಬೇರೆ ಬೇರೆ ಆಕ್ಸಲ್ಲಿನೊಡನೆ ಮಾರಿದ್ದಾರೆ. ಭಾರ ಎಳೆಯುವವನಿಗೆ ಒಂದು, ಬರೀ ಓಡಾಡುವವನಿಗೆ ಇನ್ನೊಂದು. ಅಲ್ಲಿಯ ರೈತನಿಗೆ ಆರಿಸುವ ಬುದ್ಧಿ ಇದೆ, ತಿಪಟೂರಿನ ರೈತನಿಗೆ ಇಲ್ಲ ಎಂದು ಯಾರು ತೀರ್ಮಾನ ಮಾಡಿದರು?

ನೀವು ಹೇಳಬಹುದು: ನಮ್ಮ ಹೋರಾಟ ಬೆಲೆಗೆ, ಈ ಚಿಲ್ಲರೆ ಲೆಕ್ಕ ಯಾಕೆ? ಬೆಲೆಯ ಹೋರಾಟ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ 2023ರಲ್ಲಿ ಬೆಂಬಲ ಬೆಲೆ 11,750 ಇದ್ದರೂ ತಿಪಟೂರಿನ ಧಾರಣೆ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. 2025ರಲ್ಲಿ 20,000 ದಾಟಿತು. ಏರಿದ್ದೂ ನಮ್ಮನ್ನು ಕೇಳಿ ಅಲ್ಲ, ಇಳಿದದ್ದೂ ನಮ್ಮನ್ನು ಕೇಳಿ ಅಲ್ಲ. ಡೀಸೆಲ್ಲಿನ ಕಥೆಯೂ ಅಷ್ಟೇ. ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿಸಿತು, 2025ರ ಏಪ್ರಿಲ್‌ನಲ್ಲಿ 18.44ರಿಂದ ಶೇಕಡಾ 21.17ಕ್ಕೆ ಮತ್ತೆ ಏರಿಸಿತು. ಧಾರಣೆ ಏರಿದ ವರ್ಷ ಗಾಡಿ ತಂದು, ಇಳಿದ ವರ್ಷ ಕಂತು ಕಟ್ಟುವ ನಮಗೆ ನಮ್ಮ ಕೈಯಲ್ಲಿರುವ ಲೆಕ್ಕ ಇದೊಂದೇ. ಅದನ್ನೂ ಬಿಟ್ಟುಕೊಡಬೇಕೆ?

ಕಟುವಾದ ಮಾತೊಂದು ಹೇಳಲೇಬೇಕು. ವಾರಕ್ಕೊಂದು ದಿನ ಮಾತ್ರ ಹೊರಗೆ ಬರುವ ಗಾಡಿಗೆ ಯಾವ ಹಲ್ಲು ಇದ್ದರೂ ಸಾಲದ ಬಡ್ಡಿ ಹುಟ್ಟದು. ಪಕ್ಕದ ಮನೆಯವನು ತಂದ ಅಂತ ನಾವೂ ತರುವುದು ಬೇಡ. ಬಾಡಿಗೆ ಗಾಡಿ ಸಾಕು, ಇಲ್ಲವೇ ನಾಲ್ಕು ಜನ ಕೂಡಿ ಒಂದು ತನ್ನಿ.

ತರಲೇಬೇಕು ಎಂದವರು ಇಷ್ಟು ಮಾಡಿ:

1. ದರಪಟ್ಟಿಯಲ್ಲಿ ಆಕ್ಸಲ್ ರೇಷಿಯೋ, ಟಾಪ್ ಗೇರ್, ಟೈರಿನ ಅಳತೆ ಬರೆಸಿಕೊಳ್ಳಿ. ಬರೆದುಕೊಡದವನಿಗೆ ಮುಂಗಡ ಕೊಡಬೇಡಿ.

2. ಒಂದೇ ಕಂಪನಿಯ ಎರಡು ಮಾದರಿ, ಇನ್ನೊಂದು ಕಂಪನಿಯ ಒಂದು ಮಾದರಿ ಪಕ್ಕಪಕ್ಕ ಇಟ್ಟು ಗುಣಿಸಿ ನೋಡಿ.

3. ಖಾಲಿ ಗಾಡಿ ಓಡಿಸಿ ಒಪ್ಪಬೇಡಿ. ಮೂಟೆ ತುಂಬಿಸಿ, ನಿಮ್ಮ ಊರಿನ ಏರು ಹತ್ತಿಸಿ ನೋಡಿ.

4. ತಂದ ಮೇಲೆ ಡೀಸೆಲ್ಲಿಗೂ ಕಿಲೋಮೀಟರಿಗೂ ಒಂದು ಪುಸ್ತಕ ಇಡಿ. ಅದನ್ನು ಊರಿನ ಸಭೆಯಲ್ಲಿ ಓದಿ, ಮುಂದೆ ಕೊಳ್ಳುವವನಿಗೆ ದಾರಿಯಾಗಲಿ.

ಕಂಪನಿಗಳಿಗೆ ನಮ್ಮ ಒತ್ತಾಯ ಒಂದೇ. ಪರೀಕ್ಷಾಲಯದ ಮೈಲೇಜ್ ನಮಗೆ ಬೇಡ. ತುಂಬಿದ ಗಾಡಿ ಎಷ್ಟು ಕೊಡುತ್ತೆ, ಖಾಲಿ ಗಾಡಿ ಎಷ್ಟು ಕೊಡುತ್ತೆ, ಕನ್ನಡದಲ್ಲಿ ಅಚ್ಚು ಹಾಕಿ. ಆಕ್ಸಲ್ ಆರಿಸುವ ಹಕ್ಕು ಕೊಡಿ. ಸಾಲ ತೀರಿಸುವವರು ನಾವು, ಹಲ್ಲು ಎಣಿಸುವವರೂ ನಾವೇ.