ದಡದವರ ನೆಮ್ಮದಿ ಚಾಲಕನ ಹೆಬ್ಬೆರಳಿಗೆ ಬಿಟ್ಟದ್ದಲ್ಲ

ಸ್ಪೀಡ್ ಬೋಟಿನ ಸೈಲೆನ್ಸರಿಗೆ, ಬೇಕೆಂದಾಗ ಅದನ್ನು ತಪ್ಪಿಸಿ ಸದ್ದು ಹೆಚ್ಚಿಸುವ ಸ್ವಿಚ್ ಇರಕೂಡದು. ಈಗಾಗಲೇ ಹಾಕಿಸಿಕೊಂಡವರು ಅದನ್ನು ಕಿತ್ತುಹಾಕಬೇಕು, ಮಾರುವವರು ಮಾರುವುದನ್ನು ನಿಲ್ಲಿಸಬೇಕು, ಕಾನೂನು ಇದನ್ನು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಹೇಳಬೇಕು. ಅಮೆರಿಕದ ಸರೋವರ, ಕೊಲ್ಲಿಗಳ ದಡದಲ್ಲಿ ಈ ಜಗಳ ವರ್ಷಗಳಿಂದ ನಡೆಯುತ್ತಲೇ ಇದೆ. ಒಂದು ಕಡೆ ಲಕ್ಷಾಂತರ ಡಾಲರ್ ಸುರಿದು ದೋಣಿ ಕೊಂಡವರು, ಇನ್ನೊಂದು ಕಡೆ ಅದೇ ನೀರಿನ ಪಕ್ಕ ಮನೆ ಮಾಡಿಕೊಂಡವರು, ಮೀನು ಹಿಡಿಯುವವರು, ಮಕ್ಕಳನ್ನು ಈಜಿಗೆ ಇಳಿಸುವವರು. ಟ್ಯಾಂಪಾ ಕೊಲ್ಲಿಯ ಹತ್ತಿರ ಬದುಕುವ ಕನ್ನಡಿಗನಾಗಿ ನಾನು ಎರಡನೆಯ ಗುಂಪಿನವನು. ಆದರೂ ಮೊದಲನೆಯವರ ಮಾತನ್ನು ಕೇಳಿಸಿಕೊಂಡೇ ಬರೆಯುತ್ತಿದ್ದೇನೆ.

ಈ ಸ್ವಿಚ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಗೆಳೆಯರೊಬ್ಬರು ತಮ್ಮ ದೋಣಿಯ ಹಿಂಭಾಗದ ಮುಚ್ಚಳ ಎತ್ತಿ ತೋರಿಸಿದರು. ಒಳಗೆ ಅಕ್ಕಪಕ್ಕ ಎರಡು ವಿ-8 ಎಂಜಿನ್, ಒಂದೊಂದಕ್ಕೂ 500ಕ್ಕಿಂತ ಹೆಚ್ಚು ಅಶ್ವಶಕ್ತಿ. ದೋಣಿಯ ಎಂಜಿನ್ನಿನ ಹೊಗೆ ಕಾರಿನ ಹೊಗೆಯಂತೆ ಒಣಗಿರುವುದಿಲ್ಲ. ಎಂಜಿನ್ ತಣಿಸಿ ಬಂದ ನೀರನ್ನು ಹೊಗೆಯ ಕೊಳವೆಗೇ ಬೆರೆಸುತ್ತಾರೆ, ಆಗ ಹೊಗೆಯೂ ತಣ್ಣಗಾಗುತ್ತದೆ, ಸದ್ದೂ ಸ್ವಲ್ಪ ಇಳಿಯುತ್ತದೆ. ಅಲ್ಲಿಂದ ಮುಂದೆ ರಬ್ಬರ್ ಕೊಳವೆ, ಕೊಳವೆಯ ನಡುವೆ ಒಂದು ಕವಾಟ. ಕವಾಟ ಮುಚ್ಚಿದ್ದರೆ ಹೊಗೆ ಕೆಳಗಿಳಿದು, ಪ್ರೊಪೆಲರಿನ ನಡುವಿನ ತೂತಿನಿಂದ ನೀರೊಳಗೇ ಹೊರಬೀಳುತ್ತದೆ. ತೆರೆದರೆ ನೇರವಾಗಿ ದೋಣಿಯ ಬೆನ್ನಿನ ಸ್ಟೀಲ್ ಕೊಳವೆಗಳಿಂದ ಗಾಳಿಗೆ ನುಗ್ಗುತ್ತದೆ. ಈ ಎರಡನ್ನೂ ಆಳುವುದು ಸ್ಟಿಯರಿಂಗ್ ಪಕ್ಕದ ಒಂದು ಪುಟ್ಟ ಸ್ವಿಚ್. ಕಾರ್ಸಾ ಕಂಪನಿ ಇದನ್ನು ‘ಕ್ಯಾಪ್ಟನ್ಸ್ ಕಾಲ್’ ಎಂಬ ಹೆಸರಿನಲ್ಲಿ ಮಾರುತ್ತದೆ. ಗೆಳೆಯರು ಕಟ್ಟೆಗೆ ಕಟ್ಟಿದ ದೋಣಿಯಲ್ಲೇ ಎಂಜಿನ್ ಶುರು ಮಾಡಿದರು. ಮೊದಲು ನೀರು ಗುಳುಗುಳು ಎನ್ನುವಷ್ಟೇ ಸದ್ದು. ಸ್ವಿಚ್ ಒತ್ತಿದ್ದೇ ತಡ, ನಾನು ಹಿಡಿದಿದ್ದ ಮುಚ್ಚಳ ಕೈಯಲ್ಲೇ ನಡುಗಿತು, ಪಕ್ಕದ ಮರದ ಕಂಬದ ಮೇಲೆ ಕೂತಿದ್ದ ಪೆಲಿಕನ್ ಹಾರಿಹೋಯಿತು. ಎಂಜಿನ್ ಇನ್ನೂ ವೇಗವನ್ನೇ ಹಿಡಿದಿರಲಿಲ್ಲ.

ಈಗ ಕಾನೂನಿನ ಮಾತಿಗೆ ಬರೋಣ. ಫ್ಲೋರಿಡಾದ ಕಾನೂನು ಪ್ರತಿಯೊಂದು ದೋಣಿಯ ಸದ್ದೂ ಸಮಂಜಸವಾಗಿ ತಗ್ಗಿರಬೇಕು ಎನ್ನುತ್ತದೆ. ಸೈಲೆನ್ಸರಿಗೆ ಹೋಗಬೇಕಾದ ಹೊಗೆಯನ್ನು ನಡುವೆಯೇ ಹೊರಬಿಡುವ ಕಟೌಟ್ ಬಳಕೆಯನ್ನು ಅದು ನಿಷೇಧಿಸಿದೆ. ಅಧಿಕೃತ ಸ್ಪರ್ಧೆಗೆ ಮತ್ತು ಅದರ ಪೂರ್ವಪರೀಕ್ಷೆಗೆ ಮಾತ್ರ ವಿನಾಯಿತಿ. ನ್ಯೂಯಾರ್ಕ್ ಕೂಡ ಸೈಲೆನ್ಸರನ್ನು ತಪ್ಪಿಸಿ ದೋಣಿ ನಡೆಸುವುದನ್ನು ನಿಷೇಧಿಸಿದೆ. ಹಾಗಿದ್ದ ಮೇಲೆ ಅಂಗಡಿಯಲ್ಲಿ ಈ ಸ್ವಿಚ್ ರಾಜಾರೋಷವಾಗಿ ಮಾರಾಟವಾಗುವುದು ಹೇಗೆ? ಬಳಕೆ ನಿಷಿದ್ಧ, ಸಾಮಾನು ನಿಷಿದ್ಧವಲ್ಲ ಎಂಬ ಸಂದಿನಿಂದ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಬುದ್ಧಿ ಇದು.

ಅಳತೆಯ ವಿಧಾನ ಈ ಬುದ್ಧಿಗೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿದೆ. ಹಲವು ರಾಜ್ಯಗಳು ಒಪ್ಪಿಕೊಂಡಿರುವ ಪರೀಕ್ಷೆಯಲ್ಲಿ ದೋಣಿ ನಿಂತಿರುತ್ತದೆ, ಗೇರ್ ನ್ಯೂಟ್ರಲ್‌ನಲ್ಲಿರುತ್ತದೆ, ಎಂಜಿನ್ ಐಡಲ್‌ನಲ್ಲಿ ಓಡುತ್ತಿರುತ್ತದೆ. ಮೈಕನ್ನು ಒಂದು ಮೀಟರ್ ದೂರದಲ್ಲಿ ಹಿಡಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1993ರ ಜನವರಿ 1ಕ್ಕಿಂತ ಮೊದಲು ತಯಾರಾದ ಎಂಜಿನ್ನಿಗೆ ಈ ಪರೀಕ್ಷೆಯಲ್ಲಿ 90 ಡೆಸಿಬಲ್, ಆಮೇಲಿನವಕ್ಕೆ 88 ಡೆಸಿಬಲ್ ಮಿತಿ. ಗಸ್ತಿನ ದೋಣಿಯ ನೀಲಿ ದೀಪ ಕಂಡೊಡನೆ ಸ್ವಿಚ್ ಒತ್ತಿದರೆ ಸಾಕು, ಅಧಿಕಾರಿ ಪಕ್ಕಕ್ಕೆ ಬಂದು ಮೀಟರ್ ಹಿಡಿಯುವ ಹೊತ್ತಿಗೆ ಆ ದೋಣಿ ಸಭ್ಯವಾಗಿರುತ್ತದೆ. ಪರೀಕ್ಷೆಯಲ್ಲಿ ಪಾಸು. ಅಧಿಕಾರಿ ಆಚೆ ಹೋದ ಮೇಲೆ ಮತ್ತೆ ಅದೇ ಆರ್ಭಟ. ದಡದಲ್ಲಿ ನಿಂತು ಅಳೆಯುವ ಇನ್ನೊಂದು ವಿಧಾನವಿದೆ, ಅದರ ಮಿತಿ 75 ಡೆಸಿಬಲ್. ಅದು ಜನರ ಕಿವಿಗೆ ಹತ್ತಿರವಾದ ಅಳತೆ. ಆದರೆ ಓಡುವ ಹತ್ತು ದೋಣಿಗಳ ನಡುವೆ ಗದ್ದಲ ಯಾವುದರದ್ದು ಎಂದು ಸಾಬೀತು ಮಾಡುವುದು ಸುಲಭವಲ್ಲ.

ಅಂಕಿಗಳು ಮನಸ್ಸಿಗೆ ಇಳಿಯುವಂತೆ ಒಂದು ಲೆಕ್ಕ ಮಾಡೋಣ. ಫ್ಲೋರಿಡಾದ ಕೌಂಟಿಗಳು ಬೇಕಿದ್ದರೆ ತಮ್ಮದೇ ನಿಯಮ ತಂದು 50 ಅಡಿ ದೂರದಲ್ಲಿ 90 ಡೆಸಿಬಲ್ ಮಿತಿ ಹಾಕಬಹುದು. ಐವತ್ತು ಅಡಿಯೆಂದರೆ ಸುಮಾರು 15 ಮೀಟರ್. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಮಿತಿಯೊಳಗೇ ಇರುವ ದೋಣಿ ಕೂಡ ಅರ್ಧ ಕಿಲೋಮೀಟರ್ ಆಚೆಯ ಮನೆಗೆ 60 ಡೆಸಿಬಲ್ ತಲುಪಿಸುತ್ತದೆ, ಎದುರುಬದುರು ಕೂತು ಮಾತಾಡುವಷ್ಟು ಸದ್ದು. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಸರಾಸರಿ ಮಿತಿ ಇರುವುದನ್ನು ಪಕ್ಕದಲ್ಲಿಟ್ಟು ನೋಡಿ. ಆ 60 ಡೆಸಿಬಲ್ ಕೂಡ ಬಯಲಿನ ಲೆಕ್ಕ. ತಂಪಾದ ನೀರಿನ ಮೇಲೆ ಬೆಚ್ಚಗಿನ ಗಾಳಿ ಕೂತಾಗ ಸದ್ದು ಮೇಲಕ್ಕೆ ಚದುರದೆ ಬಾಗಿ ಕೆಳಗೇ ಹರಿಯುತ್ತದೆ. ನ್ಯೂಯಾರ್ಕಿನ ಲೇಕ್ ಜಾರ್ಜ್‌ನಂಥ ಸರೋವರ 32 ಮೈಲಿ ಉದ್ದ, ಎರಡೂ ಬದಿಗೆ ಬೆಟ್ಟ. ಅಂಥ ಕಡೆ ಒಂದು ದೋಣಿ ಎಷ್ಟು ಮನೆಗಳ ಒಳಗೆ ಹೊಕ್ಕು ಹೊರಬರುತ್ತದೆ ಎಂದು ಊಹಿಸಿಕೊಳ್ಳಿ.

ಸ್ವಿಚ್ ಪರ ವಾದಿಸುವವರು ಮೊದಲು ಹೇಳುವುದು ಶಕ್ತಿಯ ಮಾತು. ಕೊಳವೆ ಕಟ್ಟಿದರೆ ಎಂಜಿನ್ ಉಸಿರಾಡುವುದಿಲ್ಲ, ಒತ್ತಡ ಹಿಂದಕ್ಕೆ ತಿರುಗಿ ಅಶ್ವಶಕ್ತಿ ಸೋರುತ್ತದೆ ಎನ್ನುತ್ತಾರೆ. ಭಾರಿ ಎಂಜಿನ್ನಿನ ಹೊಗೆಯನ್ನೆಲ್ಲ ಪ್ರೊಪೆಲರಿನ ತೂತಿಗೆ ತಳ್ಳಿದರೆ ಸ್ವಲ್ಪ ಶಕ್ತಿ ಹೋಗುವುದು ನಿಜ. ಅದಕ್ಕೆ ಉತ್ತರ ಒಳ್ಳೆಯ ಸೈಲೆನ್ಸರ್, ತೆರೆದ ಕೊಳವೆ ಅಲ್ಲ. ಎಂಜಿನ್ನಿಗೆ ತಕ್ಕ ಗಾತ್ರದ ಕಾಯಂ ಸೈಲೆನ್ಸರ್ ಕೊಳವೆಯ ನಡುವೆ ಹಾಕಿಸಿದರೆ ಹೊಗೆ ಸರಾಗವಾಗಿಯೂ ಹೋಗುತ್ತದೆ, ಸದ್ದೂ ಅಡಗುತ್ತದೆ. ಸದ್ದಿಲ್ಲದೆ ವೇಗವಿಲ್ಲ ಎಂಬ ನಂಬಿಕೆಯನ್ನು ದೋಣಿಯ ಬೆನ್ನಿಗೆ ಹೊರಗಿನಿಂದ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ಗಳು ಎಂದೋ ಸುಳ್ಳು ಮಾಡಿವೆ. ಮರ್ಕ್ಯುರಿ ರೇಸಿಂಗ್‌ನ 450ಆರ್ ಎಂಜಿನ್ ಎರಡನ್ನು ಕಟ್ಟಿಕೊಂಡ ಹಗುರ ಜೋಡಿತಳದ ದೋಣಿಗಳು ಹೊಗೆಯನ್ನು ನೀರೊಳಗೇ ಬಿಟ್ಟು ಗಂಟೆಗೆ ನೂರು ಮೈಲಿ ದಾಟುತ್ತವೆ. ಅದೇ ಮರ್ಕ್ಯುರಿ 2018ರಲ್ಲಿ ತಂದ ವಿ-8 ವೆರಾಡೋ ಎಂಜಿನ್ನಿಗೆ ಸದ್ದಿನ ಎರಡು ಬಗೆಯನ್ನು ಆರಿಸಿಕೊಳ್ಳುವ ಸ್ವಿಚ್ಚನ್ನೂ ಸೇರಿಸಿತು, ಮೆಲ್ಲನೆಯದೊಂದು, ಗುಡುಗುವುದೊಂದು. ಮೌನವಾಗಿ ಓಡಬಲ್ಲ ಎಂಜಿನ್ನಿಗೆ ಗುಡುಗನ್ನು ಬೇರೆಯಾಗಿ ಜೋಡಿಸಿ ಕೊಟ್ಟರು. ಅಲ್ಲಿ ಅಶ್ವಶಕ್ತಿಯ ಮಾತಿಗೆ ಜಾಗವೇ ಇಲ್ಲ, ಕೊಡುತ್ತಿರುವುದು ಸದ್ದನ್ನೇ.

ಜೋರು ಸದ್ದಿನಿಂದ ಬೇರೆಯವರು ಎಚ್ಚರವಾಗುತ್ತಾರೆ, ಆದ್ದರಿಂದ ಅದು ಸುರಕ್ಷತೆ ಎಂಬ ವಾದವನ್ನೂ ಕೇಳಿದ್ದೇನೆ. ಎಚ್ಚರಿಸಲು ಹಾರ್ನ್ ಇದೆ, ವೇಗದ ಮಿತಿ ಇದೆ, ಮುಂದೆ ನೋಡುವ ಕಣ್ಣಿದೆ. ಇದಕ್ಕಿಂತ ಹೆಚ್ಚಿನ ಉತ್ತರ ಈ ವಾದಕ್ಕೆ ಬೇಕಿಲ್ಲ. ದೋಣಿಯೊಳಗೆ ಕೂತವರ ಕಿವಿಯ ಗತಿ ಏನೆಂಬುದು ಮಾತ್ರ ಯಾರೂ ಎತ್ತದ ಪ್ರಶ್ನೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಷ್ 85 ಡೆಸಿಬಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆಯ ಮಿತಿ ಹೇಳುತ್ತದೆ, ಪ್ರತಿ 3 ಡೆಸಿಬಲ್ ಏರಿದಂತೆ ಸಮಯವನ್ನು ಅರ್ಧಕ್ಕಿಳಿಸುತ್ತದೆ. 100 ಡೆಸಿಬಲ್‌ಗೆ ಉಳಿಯುವುದು ಹದಿನೈದು ನಿಮಿಷ. ತೆರೆದ ಕೊಳವೆಗಳ ಮುಂದಿನ ಸೀಟಿನಲ್ಲಿ ಭಾನುವಾರವಿಡೀ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ತಂದೆತಾಯಿಗಳು ಈ ಲೆಕ್ಕವನ್ನು ಒಮ್ಮೆ ಮಾಡಲಿ.

ಸ್ವಿಚ್ ಪರ ವಾದಗಳಲ್ಲೆಲ್ಲ ಗಟ್ಟಿಯಾದದ್ದು ಬೇರೆಯೇ ಇದೆ. ‘ಬೆಳಗಿನ ಜಾವ ಕಾಲುವೆಯಲ್ಲಿ ಹೋಗುವಾಗ ನಾನೇ ಸದ್ದು ಮುಚ್ಚುತ್ತೇನೆ, ಸಮುದ್ರದಲ್ಲಿ ಮೈಲಿಗಟ್ಟಲೆ ಆಚೆ ಹೋದ ಮೇಲೆ ತೆರೆಯುತ್ತೇನೆ. ಸ್ವಿಚ್ ಇರುವುದರಿಂದಲೇ ನಾನು ಒಳ್ಳೆಯ ನೆರೆಯವನಾಗಿದ್ದೇನೆ’ ಎಂದರು ನನ್ನ ಗೆಳೆಯರು. ಅವರ ಮಾತನ್ನು ನಂಬುತ್ತೇನೆ, ಅವರು ಹಾಗೆಯೇ ನಡೆದುಕೊಳ್ಳುವವರು. ಆದರೆ ಕಾನೂನನ್ನು ಅವರಂಥವರಿಗಾಗಿ ಬರೆಯುವುದಿಲ್ಲ. ಅದೇ ಸ್ವಿಚ್ ಮಧ್ಯಾಹ್ನ ಬಿಯರ್ ಕುಡಿದು, ದಡದ ಹೋಟೆಲಿನವರು ತಿರುಗಿ ನೋಡಲಿ ಎಂದು ಬಯಸುವವನ ಕೈಯಲ್ಲೂ ಇದೆ. ಸ್ವಿಚ್ ನಿಷೇಧಿಸಿದರೆ ಜನ ಪೂರ್ತಿ ತೆರೆದ ಕೊಳವೆಯನ್ನೇ ಹಾಕಿಸುತ್ತಾರೆ ಎಂಬ ಹೆದರಿಕೆಗೂ ಅರ್ಥವಿಲ್ಲ. ತೆರೆದ ಕೊಳವೆ ದೂರದಿಂದಲೇ ಕಾಣುತ್ತದೆ, ಕೇಳುತ್ತದೆ, ಐಡಲ್‌ನಲ್ಲೇ ಪರೀಕ್ಷೆಯಲ್ಲಿ ಸೋಲುತ್ತದೆ. ಅದನ್ನು ಮರೆಮಾಚಲು ದಾರಿ ಕೊಟ್ಟದ್ದೇ ಈ ಸ್ವಿಚ್.

ಸ್ಪರ್ಧೆಯ ಪರಂಪರೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಮಯಾಮಿಯ ಈಶಾನ್ಯ 188ನೇ ಬೀದಿಯಲ್ಲಿ ಡಾನ್ ಅರೊನೊ ಫಾರ್ಮುಲಾ, ಡಾನ್ಜಿ, ಮ್ಯಾಗ್ನಮ್, ಸಿಗರೆಟ್ ಎಂಬ ದೋಣಿಗಳನ್ನು ಒಂದಾದ ಮೇಲೊಂದು ಕಟ್ಟಿದರು, 1967 ಮತ್ತು 1969ರಲ್ಲಿ ವಿಶ್ವ ಚಾಂಪಿಯನ್ ಆದರು. ಆ ಬೀದಿಗೆ ಥಂಡರ್‌ಬೋಟ್ ರೋ ಎಂಬ ಹೆಸರು ಬಂತು. ರೇಸಿನ ದಿನ ಆ ಗುಡುಗು ಇರಲಿ, ನೋಡಲು ಬಂದವರು ಅದಕ್ಕೆಂದೇ ಬಂದಿರುತ್ತಾರೆ. ಸ್ಪರ್ಧಿಸುವವರಿಗೆ ಬೋಲ್ಟ್ ಹಾಕಿ ಕೂರಿಸುವ ಸೈಲೆನ್ಸರ್‌ಗಳು ಇವೆ. ರೇಸಿಗೆ ಮುಂಚೆ ದಡದಲ್ಲಿ ಸ್ಪ್ಯಾನರ್ ಹಿಡಿದು ಬಿಚ್ಚಲಿ, ಮುಗಿದ ಮೇಲೆ ಮತ್ತೆ ಕೂರಿಸಲಿ. ಆ ನಿರ್ಧಾರ ನೆಲದ ಮೇಲೆ ಆಗಬೇಕು, ನೀರಿನ ನಡುವೆ ಮನಸ್ಸು ಬಂದಾಗ ಆಗಬಾರದು.

ಇಷ್ಟನ್ನು ಕಾನೂನಿನಲ್ಲಿ ತರುವುದು ಕಷ್ಟವಲ್ಲ. ಸ್ಪರ್ಧೆಗೆ ನೋಂದಾಯಿಸದ ದೋಣಿಯಲ್ಲಿ ಹೊಗೆಯ ದಾರಿ ಬದಲಿಸುವ ಕವಾಟ ಇರಕೂಡದು, ಇದ್ದರೆ ಗಟ್ಟಿಯಾಗಿ ಮುಚ್ಚಿರಬೇಕು. ಇದನ್ನು ಪರಿಶೀಲಿಸಲು ಮೀಟರ್ ಬೇಡ, ಶಾಂತವಾದ ನೀರು ಬೇಡ, ದೋಣಿ ಇಳಿಸುವ ಇಳಿಜಾರಿನಲ್ಲೇ ಮುಚ್ಚಳ ಎತ್ತಿ ನೋಡಿದರೆ ಆಯಿತು. ಅಲ್ಲಿಯವರೆಗೆ ಪ್ರತಿ ಪರೀಕ್ಷೆಯನ್ನೂ ದೋಣಿ ಮಾಡಬಲ್ಲ ಅತಿ ಜೋರಿನ ಸ್ಥಿತಿಯಲ್ಲೇ ನಡೆಸಬೇಕು.

ಕರ್ನಾಟಕದಲ್ಲಿ ಬೈಕುಗಳಿಂದ ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ಪೊಲೀಸರು ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಚಟ ಹಬ್ಬಿದ ಮೇಲೆ ಹಾಗೆ ಬೀದಿಗಿಳಿದು ಹೋರಾಡಬೇಕಾಗುತ್ತದೆ. ನಮ್ಮ ಕರಾವಳಿಯಲ್ಲಿ, ಹಿನ್ನೀರುಗಳಲ್ಲಿ ಸ್ಪೀಡ್ ಬೋಟ್ ಸವಾರಿ ಈಗಷ್ಟೇ ಬೆಳೆಯುತ್ತಿದೆ. ಜಲಕ್ರೀಡೆಗೆ ಪರವಾನಗಿ ಕೊಡುವ ಅಧಿಕಾರಿಗಳಲ್ಲಿ ನನ್ನ ಮನವಿ ಇಷ್ಟೇ: ಸೈಲೆನ್ಸರನ್ನು ತಪ್ಪಿಸುವ ಯಾವ ಕವಾಟವೂ ದೋಣಿಯಲ್ಲಿ ಇರತಕ್ಕದ್ದಲ್ಲ ಎಂಬ ಒಂದು ಸಾಲನ್ನು ಷರತ್ತುಗಳಲ್ಲಿ ಈಗಲೇ ಸೇರಿಸಿ. ಫ್ಲೋರಿಡಾದಲ್ಲಿ ಮತ ಇರುವ ಕನ್ನಡಿಗರು ತಮ್ಮ ಕ್ಷೇತ್ರದ ಶಾಸಕರಿಗೆ ಇದನ್ನೇ ಬರೆಯಲಿ. ಹೊಸ ದೋಣಿ ಕೊಳ್ಳಲು ಹೊರಟವರು ಪಟ್ಟಿಯಲ್ಲಿ ಸ್ವಿಚ್ ಇರುವ ಎಕ್ಸಾಸ್ಟ್ ಕಂಡರೆ ಬೇಡವೆಂದು ಹೇಳಿ, ಆ ದುಡ್ಡಿನಲ್ಲಿ ಕಾಯಂ ಸೈಲೆನ್ಸರ್ ಹಾಕಿಸಿಕೊಳ್ಳಲಿ.