ಮರೆವೆಲ್ಲವೂ ಮುಪ್ಪಲ್ಲ
ಸಾಮಾನ್ಯವಾಗಿ ಪ್ರೋಟೀನು ತನ್ನ ನಿಯತ ಆಕಾರದಲ್ಲಿ ಮಡಚಿಕೊಂಡಾಗಲೇ ದೇಹಕ್ಕೆ ಉಪಯುಕ್ತ. ಆಲ್‌ಝೈಮರ್ ರೋಗದಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ತಪ್ಪಾಗಿ ಮಡಚಿಕೊಂಡು ಮೆದುಳಿನಲ್ಲಿ ಗಂಟುಕಟ್ಟುತ್ತವೆ, ನರಕೋಶಗಳು ನಶಿಸುತ್ತವೆ. 2023ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಲೆಕನೆಮ್ಯಾಬ್ ಔಷಧವು ಅಮಿಲಾಯ್ಡನ್ನು ತೊಲಗಿಸುತ್ತದೆ. ಆದರೆ ಅದು ಆರಂಭದ ಹಂತದವರಿಗೆ ಮಾತ್ರ. ರೋಗದ ವೇಗವನ್ನು ತುಸು ತಗ್ಗಿಸೀತೇ ಹೊರತು ಹೋದ ನೆನಪನ್ನು ಮರಳಿಸದು. ಮೆದುಳಿನ ಊತ, ರಕ್ತಸ್ರಾವದ ಅಪಾಯವೂ ಉಂಟು.

ಬ್ರಾಹ್ಮೀಘೃತವನ್ನು ನಾವೂ ಕೊಡುತ್ತೇವೆ. ಆದರೆ ಅದು ಈ ಗಂಟುಗಳನ್ನು ಕರಗಿಸುತ್ತದೆಂದು ಹೇಳುವುದು ವೈದ್ಯಧರ್ಮವಲ್ಲ. ‘ವಯಸ್ಸಾಯಿತು, ಮರೆವು ಸಹಜ’ ಎಂದು ವರ್ಷಗಟ್ಟಲೆ ಕಾಯ್ದು, ಕಡೆಗೆ ಹಿರಿಯರನ್ನು ನಮ್ಮಲ್ಲಿಗೆ ಕರೆತರುವವರೇ ಹೆಚ್ಚು. ಬಿ12 ಕೊರತೆ, ಥೈರಾಯ್ಡ್ ದೋಷಗಳಿಂದ ಬಂದ ಮರೆವನ್ನು ಬೇಗ ಗುರುತಿಸಿದರೆ ಬಹುಮಟ್ಟಿಗೆ ಸರಿಪಡಿಸಬಹುದು. ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ: ಪರಿಚಿತ ದಾರಿ, ದಿನದ ಲೆಕ್ಕ, ಮನೆಯವರ ಹೆಸರು ತಪ್ಪತೊಡಗಿದೊಡನೆ ಮೊದಲು ನರರೋಗ ತಜ್ಞರಿಗೆ ತೋರಿಸಿರಿ, ನಮ್ಮ ಔಷಧ ಆಮೇಲಿರಲಿ.